ಲಂಡನ್ನಿನ ಟ್ರೇಡ್ ಮ್ಯಾಗಜೀನಿಗೆ ಹೊರಟಿರುವ ನಿಮಗೆ

ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ಮೂಡಿಗೆರೆ ಕಡೆಯ ತೋಟದ ಮನೆ, ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯ ಬಿಸಿನೆಸ್ ಪುಟದಲ್ಲಿ ನಾಲ್ಕು ವರ್ಷದ ಕೆಲಸ, ಈಗ ಲಂಡನ್ನಿನಲ್ಲಿ ಕಾಫಿ, ಟೀ, ಕೋಕೋ ವ್ಯಾಪಾರದವರೇ ಓದುವ ಟ್ರೇಡ್ ಮ್ಯಾಗಜೀನ್. ಸಂಬಳ ಸಾಕಾಗುತ್ತಾ, ಶಾರ್ಟ್‌ಹ್ಯಾಂಡ್ ಬೇಕಾ, ಟ್ರೇಡ್ ಮ್ಯಾಗಜೀನ್ ಅಂದರೆ ಜಾಹೀರಾತಿಗೆ ಇನ್ನೊಂದು ಹೆಸರಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಸುಮ್ನೆ ಎಂಬಂತೆ ಒಂದು ಸಾಲು ಸೇರಿಸಿದ್ದೀರಿ: 'ಅಪ್ಪನಿಗಂತೂ ಭಾರೀ ಸಂತೋಷ, ಇನ್ನು ಕಾಫಿ ರೇಟು ಮಗಳನ್ನೇ ಕೇಳಬಹುದು ಅಂತಾರೆ.' ನಾನು ಬರೆಯಲು ಕೂತದ್ದೇ ಆ ಸಾಲು ಓದಿ.

ಮೊದಲು ಉಳಿದದ್ದು. ಒಬ್ಬರ ಜೀವನಕ್ಕೆ ಸಂಬಳ ಸಾಕು, ಉಳಿತಾಯ ಕಷ್ಟ. ಬಾಡಿಗೆಯೇ ದೊಡ್ಡ ಪಾಲು ತಿನ್ನುತ್ತದೆ. ಮೊದಲ ವರ್ಷ ಯಾರ ಜೊತೆಗಾದರೂ ಮನೆ ಹಂಚಿಕೊಳ್ಳಿ. ವೀಸಾದ ಯಾವ ಖರ್ಚು ಕಂಪನಿಯದು, ಯಾವುದು ನಿಮ್ಮದು ಅಂತ ಬರಹದಲ್ಲೇ ಕೇಳಿ. ಇಲ್ಲಿನ ಸರ್ಕಾರಿ ವೈದ್ಯ ಸೇವೆಗೆ ಕಟ್ಟುವ ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್ ಇದೆ, ವೀಸಾದ ಅಷ್ಟೂ ವರ್ಷಗಳದ್ದನ್ನು ಮೊದಲೇ ಕಟ್ಟಬೇಕು. ಇನ್ನು ಶಾರ್ಟ್‌ಹ್ಯಾಂಡ್. ಇಲ್ಲಿನ ಪತ್ರಕರ್ತರು ಟೀಲೈನ್ ಎಂಬ ಪದ್ಧತಿ ಕಲಿಯುತ್ತಾರೆ, ನಿಮಿಷಕ್ಕೆ 100 ಪದ ಬರೆಯುವವರನ್ನು ಕಂಡರೆ ಸಂಪಾದಕರಿಗೆ ಗೌರವ. ನನಗೆ ಬರುವುದಿಲ್ಲ. ಕೆಲಸ ನಡೆದಿದೆ.

ಜಾಹೀರಾತಿನ ಮಾತು ಮಾತ್ರ ನನಗೆ ಸ್ವಲ್ಪ ನೋವಾಯಿತು. ಇದು ಹಳೆಯ, ಮರ್ಯಾದೆಯ ಕೆಲಸ. ಹಡಗು ವ್ಯಾಪಾರದ ಲಾಯ್ಡ್ಸ್ ಲಿಸ್ಟ್ 1734ರಷ್ಟು ಹಳೆಯದು, ಅದರ ಹೆಸರು ಬಂದದ್ದು ಎಡ್ವರ್ಡ್ ಲಾಯ್ಡ್ ಎಂಬಾತ ನಡೆಸುತ್ತಿದ್ದ ಕಾಫಿ ಹೌಸಿನಿಂದ. ಪುಸ್ತಕ ವ್ಯಾಪಾರದ ದಿ ಬುಕ್‌ಸೆಲ್ಲರ್ 1858ರದು, ದಿನಸಿ ವ್ಯಾಪಾರದ ದಿ ಗ್ರೋಸರ್ 1862ರದು. ಹೌದು, ಕೆಲವು ಮ್ಯಾಗಜೀನುಗಳು ಆ ವ್ಯಾಪಾರದಲ್ಲಿರುವವರಿಗೆ ಪುಕ್ಕಟೆ ಹೋಗುತ್ತವೆ, ಜಾಹೀರಾತೇ ಅವಕ್ಕೆ ಅನ್ನ. ಜಾಹೀರಾತು ಕೊಟ್ಟ ಕಂಪನಿಯ ಮೇಲೇ ಸುದ್ದಿ ಬರೆಯಬೇಕಾದ ದಿನವೂ ಬರುತ್ತದೆ. ಆಗ ನಿಮ್ಮ ಬೆನ್ನಿಗೆ ನಿಲ್ಲುವ ಸಂಪಾದಕರು ಇದ್ದಾರೋ ಇಲ್ಲವೋ ಅಂತ ಸೇರುವ ಮುಂಚೆಯೇ ವಿಚಾರಿಸಿ. ದುಡ್ಡು ಕೊಟ್ಟು ಹಾಕಿಸಿದ ಬರಹದ ಮೇಲೆ ಹಾಗಂತ ಅಚ್ಚು ಮಾಡುತ್ತಾರಾ ಅಂತ ಹಳೆಯ ಸಂಚಿಕೆ ತಿರುವಿ ನೋಡಿ.

ದಿನಪತ್ರಿಕೆಗಿಂತ ಇಲ್ಲಿ ಒಂದು ಕಷ್ಟ ಜಾಸ್ತಿ. ಓದುವವರಿಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ. ನಾನು ಇದೇ ಕೆಲಸಕ್ಕೆ ಲಂಡನ್ನಿಗೆ ಬಂದದ್ದು 2009ರ ಜನವರಿಯಲ್ಲಿ. ಮಧ್ಯಾಹ್ನ ನಾಲ್ಕೂವರೆಗೇ ಕತ್ತಲೆ. ಸಕಲೇಶಪುರದ ಹುಡುಗ, ಕಾಫಿ ನನಗೆ ಗೊತ್ತು ಎಂಬ ಧೈರ್ಯದಲ್ಲೇ ಬಂದಿದ್ದೆ. ಮೊದಲ ವಾರದಲ್ಲೇ ಗೊತ್ತಾಯಿತು, ನನಗೆ ಗೊತ್ತಿದ್ದದ್ದು ಗಿಡ, ವ್ಯಾಪಾರವಲ್ಲ. ನಮ್ಮಲ್ಲಿ ರೇಟು 50 ಕೆ.ಜಿ. ಮೂಟೆಗೆ ರೂಪಾಯಿಯಲ್ಲಿ. ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ಜಾತಿಯ ಕಾಫಿ ಒಂದು ಪೌಂಡ್ ತೂಕಕ್ಕೆ ಇಷ್ಟು ಸೆಂಟ್. ಲಂಡನ್ನಿನ ಪೇಟೆಯಲ್ಲಿ ರೋಬಸ್ಟಾ ಜಾತಿಯದು ಟನ್ನಿಗೆ ಇಷ್ಟು ಡಾಲರ್. ದೇಶದೇಶಗಳ ಬೆಳೆಯ ಲೆಕ್ಕ ಮಾತ್ರ 60 ಕೆ.ಜಿ. ಮೂಟೆಯಲ್ಲಿ. ಪೌಂಡಿಗೆ ಒಂದು ಸೆಂಟ್ ಅಂದರೆ ಟನ್ನಿಗೆ ಸುಮಾರು 22 ಡಾಲರ್, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ನಾನು ಅರವತ್ತರ ಮೂಟೆಯನ್ನು ಐವತ್ತರದು ಅಂತ ಬರೆದುಬಿಟ್ಟಿದ್ದೆ. ಬೆಳಿಗ್ಗೆ ಒಂಬತ್ತರೊಳಗೆ ಮೂವರು ವರ್ತಕರ ಫೋನ್ ಬಂದಿತ್ತು. ಯಾರೂ ಬೈಯಲಿಲ್ಲ. ಆದರೆ ಒಂದು ಕಾಳಜಿ ಇತ್ತು ಅವರ ದನಿಯಲ್ಲಿ, ಆ ಅಂಕಿ ನಂಬಿ ಅವರು ವ್ಯವಹಾರ ಮಾಡುವವರು.

ಈಗ ನಿಮ್ಮ ಅಪ್ಪನ ಮಾತಿಗೆ ಬರುತ್ತೇನೆ.

ನನಗೆ ಓದು ಕೊಡಿಸಿದವರು ದೊಡ್ಡಪ್ಪ. ಅವರದು ಅರೇಬಿಕಾ ತೋಟ. ಕಾಂಡಕೊರಕ ಹುಳು ಬಿದ್ದ ಗಿಡ ಕಿತ್ತು ಸುಟ್ಟು, ಮತ್ತೆ ಸಸಿ ನೆಟ್ಟು, ಹಾಗೇ ಉಳಿಸಿಕೊಂಡು ಬಂದದ್ದು. 2011ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ರೇಟು ಪೌಂಡಿಗೆ 3 ಡಾಲರ್ ದಾಟಿತ್ತು. 34 ವರ್ಷದಲ್ಲಿ ಕಾಣದ ರೇಟು. ಗೋಡೌನಿನಲ್ಲಿ ಇನ್ನೂ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜದ ಮೂಟೆಗಳಿದ್ದವು. ಒಂದು ಭಾನುವಾರ ದೊಡ್ಡಪ್ಪ ಫೋನಿನಲ್ಲಿ ಕೇಳಿದರು, 'ಕೊಟ್ಟುಬಿಡಲಾ, ಇಟ್ಟುಕೊಳ್ಳಲಾ? ನೀನೇ ಹೇಳಪ್ಪ, ನೀನು ಅಲ್ಲೇ ಇದ್ದೀಯಲ್ಲ.'

ಆ ವಾರ ನಾನು ಮಾತಾಡಿಸಿದ ವರ್ತಕರೊಬ್ಬರು ಇನ್ನೂ ಏರುತ್ತದೆ ಅಂದಿದ್ದರು. ಮ್ಯಾಗಜೀನಿನಲ್ಲಿ 'ವರ್ತಕರೊಬ್ಬರ ಅಭಿಪ್ರಾಯ' ಅಂತ ಬರೆದೆ, ಇಳಿಯುತ್ತದೆ ಅಂದವರ ಮಾತನ್ನೂ ಕೆಳಗೆ ಹಾಕಿದೆ. ಫೋನಿನಲ್ಲಿ 'ಏರುತ್ತೆ ದೊಡ್ಡಪ್ಪ, ಇಟ್ಟುಕೊಳ್ಳಿ' ಅಂದೆ.

ಅಷ್ಟೇ ನಾನು ಮಾಡಿದ ತಪ್ಪು. ಗುಟ್ಟೇನೂ ಹೊರಗೆ ಹಾಕಲಿಲ್ಲ. ಓದುಗರಿಗೆ ತೋರಿಸಿದ ಎಚ್ಚರವನ್ನು ಮನೆಯವರಿಗೆ ತೋರಿಸಲಿಲ್ಲ. ಕೈಯಲ್ಲಿ ಸರಕು ಇರುವವರು ಏರುತ್ತದೆ ಅನ್ನುತ್ತಾರೆ, ಕೊಳ್ಳಬೇಕಾದವರು ಇಳಿಯುತ್ತದೆ ಅನ್ನುತ್ತಾರೆ. ಇದು ನನಗೆ ಆಗಲೇ ಗೊತ್ತಿತ್ತು. ಆದರೆ ದೊಡ್ಡಪ್ಪ ನನ್ನನ್ನು ಕೇಳಿದರಲ್ಲ ಎಂಬ ಹೆಮ್ಮೆ ಆ ಹೊತ್ತಿಗೆ ದೊಡ್ಡದಾಯಿತು.

ರೇಟು ಇಳಿಯುತ್ತಾ ಬಂತು. ಇನ್ನೊಂದು ವಾರ ನೋಡೋಣ ಅಂತ ಅವರು ಇಟ್ಟುಕೊಂಡೇ ಇದ್ದರು. ಮಳೆಗಾಲದ ಥಂಡಿಗೆ ಪಾರ್ಚ್‌ಮೆಂಟಿನ ಬಣ್ಣ ಕೆಟ್ಟಿತು. ಹೊಸ ಬೆಳೆಯೂ ಬಂದು ಪಕ್ಕದಲ್ಲಿ ಕೂತಿತು. 2012ರ ಜೂನಿನಲ್ಲಿ ಮಾರುವ ಹೊತ್ತಿಗೆ ನ್ಯೂಯಾರ್ಕಿನ ರೇಟು ಅರ್ಧಕ್ಕೆ ಬಂದಿತ್ತು. ಆ ವರ್ಷ ಅಕ್ಕನ ಮದುವೆಗೆ ಅಂದುಕೊಂಡಿದ್ದ ದುಡ್ಡಿಗೆ ಬ್ಯಾಂಕಿನಲ್ಲಿ ಸಾಲ ಮಾಡಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಮದುವೆಗೆ ಹೋದಾಗ ಎಲೆಯ ಮುಂದೆ ಕೂರಿಸಿ, ತಾವೇ ನಿಂತು ಬಡಿಸಿದರು. ನಾನೂ ಆ ವಿಷಯ ಎತ್ತಲಿಲ್ಲ. ನಿಮಗೆ ಗೊತ್ತಲ್ಲ, ನಮ್ಮ ಕಡೆ ಅಂಥ ಮಾತು ಎತ್ತುವುದಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಎತ್ತಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಈಗ ತೋಟ ದೊಡ್ಡಪ್ಪನ ಮಗನ ಕೈಯಲ್ಲಿದೆ. ಕೆಳಗಿನ ಪಟ್ಟೆಗೆ ರೋಬಸ್ಟಾ ಹಾಕಿದ್ದಾನೆ. 2024ರಲ್ಲಿ ಲಂಡನ್ನಿನ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದಾಗ ಆ ಸುದ್ದಿ ಬರೆದವನು ನಾನೇ. ಅವನು ಫೋನ್ ಮಾಡಲಿಲ್ಲ. ನಾನು ಮಾಡಿದೆ. ಎಷ್ಟು ಇಂಚು ಮಳೆ ಬಂತು, ಕೊಳೆರೋಗ ಎಷ್ಟಿದೆ, ಕೆಲಸಕ್ಕೆ ಜನ ಸಿಗುತ್ತಾರಾ, ಎಲ್ಲ ಮಾತಾಡಿದೆವು. ರೇಟಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಾಗಾಗಿ ಹೊರಡುವ ಮುಂಚೆ ಒಂದು ಸಂಜೆ ಅಪ್ಪನ ಜೊತೆ ಕಣದಲ್ಲಿ ಕೂತು ಹೇಳಿಬಿಡಿ: ಅಚ್ಚಾದದ್ದನ್ನು ಓದಿ ಹೇಳುತ್ತೇನೆ, ಮಾರಲಾ ಇಡಲಾ ಅಂತ ಮಾತ್ರ ಕೇಳಬೇಡಿ ಅಪ್ಪ. ಅವರಿಗೆ ಸ್ವಲ್ಪ ಬೇಜಾರಾಗಬಹುದು. ಫೋನಿನಲ್ಲಿ ಹೇಳುವುದಕ್ಕಿಂತ ಎದುರಿಗೆ ಹೇಳುವುದು ವಾಸಿ. ಬರುವ ದಿನ ತಿಳಿಸಿ, ಹೀಥ್ರೋಗೆ ನಾನೇ ಬರುತ್ತೇನೆ. ಮನೆಯ ಕಾಫಿಪುಡಿ ಒಂದು ಕೆ.ಜಿ. ಜಾಸ್ತಿ ತನ್ನಿ.