ಗೆಲ್ಲದವನಿಗೇ ಏಕೆ ಜೈಕಾರ?

ಸೈಕಲ್ ರೇಸ್ ಕುರಿತ ನಮ್ಮ ಲೇಖನ ಓದಿದವರೊಬ್ಬರು ಖಾರವಾಗಿಯೇ ಬರೆದಿದ್ದಾರೆ: ‘ಐದು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಜಾಕ್ ಆಂಕೆತೀಲ್‌ಗೆ ನಾಲ್ಕು ಸಾಲು, ಒಮ್ಮೆಯೂ ಗೆಲ್ಲದ ರೇಮೋಂ ಪುಲಿದೋರ್‌ಗೆ ಎರಡು ಪುಟ. ಸೋತವರ ಮೇಲೆ ನಿಮಗೇಕಿಷ್ಟು ಕನಿಕರ? ಫ್ರೆಂಚರಿಗೂ ಇದೇ ರೋಗವೇ?’

ಸಂಪಾದಕರ ಉತ್ತರ: ಕನಿಕರದ ಮಾತು ಬಿಡೋಣ. ಪುಲಿದೋರ್ ಬರೀ ಸೋತವರಲ್ಲ. 1961ರಲ್ಲಿ ಇಟಲಿಯ ಮಿಲಾನ್–ಸಾನ್ ರೆಮೊ ರೇಸ್, 1964ರಲ್ಲಿ ಸ್ಪೇನಿನ ವುಯೆಲ್ಟಾ ರೇಸ್ ಗೆದ್ದವರು. 1972ರ ಪ್ಯಾರಿಸ್–ನೀಸ್‌ನಲ್ಲಿ ಕೊನೆಯ ದಿನ ಆ ಕಾಲದ ದೈತ್ಯ, ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ಅವರನ್ನೇ ಆರು ಸೆಕೆಂಡಿನಿಂದ ಹಿಂದಿಕ್ಕಿದರು. ಆಗ ವಯಸ್ಸು 35. ದಿನಕ್ಕೊಂದು ಹಂತದಂತೆ ಮೂರು ವಾರ ನಡೆದು, ಒಟ್ಟು ಸಮಯ ಕಡಿಮೆಯಿದ್ದವರು ಗೆಲ್ಲುವ ಟೂರ್‌ನಲ್ಲಿ ಮಾತ್ರ ಕೈ ಹತ್ತಲಿಲ್ಲ. 14 ಸಲ ಓಡಿ ಮೂರು ಸಲ ಎರಡನೆಯವರು, ಐದು ಸಲ ಮೂರನೆಯವರು. ನಾಯಕನ ಹಳದಿ ಜೆರ್ಸಿ ಒಂದು ದಿನವೂ ಮೈಮೇಲೆ ಬರಲಿಲ್ಲ.

1964ರ ಟೂರ್ ನೋಡಿ, ಕತೆಯೆಲ್ಲ ಅಲ್ಲೇ ಇದೆ. ಮೊನಾಕೊದ ಕ್ರೀಡಾಂಗಣದಲ್ಲಿ ಇನ್ನೂ ಒಂದು ಸುತ್ತು ಬಾಕಿಯಿತ್ತು. ಮುಗಿಯಿತೆಂದುಕೊಂಡು ಪುಲಿದೋರ್ ಮೊದಲೇ ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದುಬಿಟ್ಟರು. ಗೆಲುವೂ, ಗೆದ್ದವರ ಸಮಯದಿಂದ ಒಂದು ನಿಮಿಷ ಕಳೆಯುವ ಬೋನಸ್ಸೂ ಆಂಕೆತೀಲ್ ಪಾಲಾದವು. ಟುಲೂಸ್ ದಾರಿಯಲ್ಲಿ ಚಕ್ರ ಕೆಟ್ಟು ಸೈಕಲ್ ಬದಲಿಸಿದಾಗ, ವೇಗ ಸಿಗಲೆಂದು ಮೆಕ್ಯಾನಿಕ್ ಹಿಂದಿನಿಂದ ತಳ್ಳಿದ ರಭಸಕ್ಕೆ ರಸ್ತೆಗೇ ಬಿದ್ದರು. ಅಲ್ಲೂ ಎರಡು ನಿಮಿಷಕ್ಕಿಂತ ಹೆಚ್ಚು ಹೋಯಿತು. ಜುಲೈ 12ರಂದು ಪುಯಿ ದ ಡೋಮ್ ಏರಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಹತ್ತಿದ ಫೋಟೊ ನೀವೂ ನೋಡಿರಬಹುದು. ಅದರಲ್ಲಿ ಆಂಕೆತೀಲ್ ಆಗಲೇ ಬಸವಳಿದಿದ್ದಾರೆ, ಆದರೆ ಪಕ್ಕದವನಿಗೆ ಅದು ಗೊತ್ತಾಗದಂತೆ ಹಟ ಹಿಡಿದಿದ್ದಾರೆ. ಪುಲಿದೋರ್ ಕೊನೆಯ ಕಿಲೊಮೀಟರಿನವರೆಗೂ ಕಾದರು. ಆಮೇಲೆ ಜಿಗಿದು 42 ಸೆಕೆಂಡು ಗಳಿಸಿದರೂ ಒಟ್ಟು ಲೆಕ್ಕದಲ್ಲಿ ಆಂಕೆತೀಲ್ ಕೈಯಲ್ಲಿ 14 ಸೆಕೆಂಡಿನ ಮುನ್ನಡೆ ಉಳಿಯಿತು. ಅಂದಿನ ಹಂತವನ್ನು ಗೆದ್ದವರೂ ಪುಲಿದೋರ್ ಅಲ್ಲ, ಸ್ಪೇನಿನ ಹುಲಿಯೊ ಹಿಮೆನೆಸ್! ಪ್ಯಾರಿಸ್ ತಲುಪಿದಾಗ ಅಂತರ 55 ಸೆಕೆಂಡು. ಮೊನಾಕೊದ ಬೋನಸ್ ಒಂದನ್ನೇ ಲೆಕ್ಕ ಹಾಕಿದರೂ ಸಾಕು, ಆ ಅಂತರ ಅಳಿಸಿಹೋಗುತ್ತಿತ್ತು. ಇದೆಲ್ಲ ದುರದೃಷ್ಟ ಎನ್ನುವುದು ಅಭಿಮಾನಿಗಳ ಮಾತು. ಅರ್ಧ ಪಾಲು ಅವರದೇ ಅತಿ ಎಚ್ಚರ ಎಂದು ನನ್ನ ಅನಿಸಿಕೆ.

ಹಾಗಿದ್ದೂ ರಸ್ತೆ ಬದಿಯ ಜನ ಕೂಗಿದ್ದು ಪುಲಿದೋರ್‌ರ ಮುದ್ದಿನ ಹೆಸರು ‘ಪೂಪೂ’ ಎಂದೇ. ಕ್ರೂಝ್ ಪ್ರಾಂತ್ಯದ ಗೇಣಿದಾರ ಮನೆತನದ ಹುಡುಗ, ಹೊಲದ ಕೆಲಸ ಮಾಡಿ ಬೆಳೆದವರು, ಬಿಸಿಲಿಗೆ ಕಂದಿದ ಮುಖ. ಹಳ್ಳಿಗಳು ಬರಿದಾಗುತ್ತಿದ್ದ ಕಾಲದ ಫ್ರಾನ್ಸಿಗೆ ಆತ ಮನೆಯ ಮಗನಂತೆ ಕಂಡರೆ ಆಶ್ಚರ್ಯವಿಲ್ಲ. ತಮಾಷೆಯೆಂದರೆ, ಆಂಕೆತೀಲ್ ಕೂಡ ನಾರ್ಮಂಡಿಯಲ್ಲಿ ಸ್ಟ್ರಾಬೆರಿ ಬೆಳೆಯುತ್ತಿದ್ದವರ ಮಗ. ಆದರೆ ಗಡಿಯಾರ ನೋಡಿ ಲೆಕ್ಕಾಚಾರದಿಂದ ಗೆಲ್ಲುತ್ತಿದ್ದ ಆತನನ್ನು ಜನ ಮೆಚ್ಚಿದರೇ ಹೊರತು ಹಚ್ಚಿಕೊಳ್ಳಲಿಲ್ಲ. ಈ ವಿಷಯ ಆಂಕೆತೀಲ್‌ರನ್ನೂ ಚುಚ್ಚುತ್ತಿತ್ತು.

ಇನ್ನೊಂದು ಕಾರಣ, ಪುಲಿದೋರ್ ಬಿಟ್ಟು ಹೋಗಲೇ ಇಲ್ಲ. 1974ರಲ್ಲಿ 38ರ ಹರೆಯದಲ್ಲಿ ಮೆರ್ಕ್ಸ್ ಹಿಂದೆ ಎರಡನೆಯವರು, 1976ರಲ್ಲಿ ನಲವತ್ತಕ್ಕೆ ಮೂರನೆಯವರು. ನಿವೃತ್ತರಾದ ಮೇಲೂ ಪ್ರತಿ ಜುಲೈ ಟೂರ್ ಜೊತೆ ಸುತ್ತುತ್ತ, ಹಸ್ತಾಕ್ಷರ ಹಾಕುತ್ತ ಇದ್ದರು. 2019ರ ನವೆಂಬರಿನಲ್ಲಿ ತೀರಿಕೊಂಡರು. ಮಗಳ ಮಗ ಮಾತ್ಯೂ ವಾನ್ ಡೆರ್ ಪೂಲ್ 2021ರಲ್ಲಿ ಟೂರ್‌ಗೆ ಇಳಿದ ಎರಡನೆಯ ದಿನವೇ ಹಳದಿ ಜೆರ್ಸಿ ತೊಟ್ಟ.

ಆಂಕೆತೀಲ್‌ಗೂ ಎರಡು ಪುಟ ಸಲ್ಲಬೇಕೆಂಬ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಜುಲೈ ಸಂಚಿಕೆಯಲ್ಲಿ ಕೊಡುತ್ತೇವೆ, ಪುಯಿ ದ ಡೋಮ್ ಏರನ್ನು ಈ ಸಲ ಅವರ ಕಡೆಯಿಂದ ನೋಡಿ.