ಮಗನ ಬ್ಯಾಗಿನಲ್ಲಿ ಮುಂಬಯಿ ಟಿಕೆಟ್

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಯಜಮಾನರು ಶಾರ್ಜಾದಲ್ಲಿದ್ದಾರೆ. ಮಗನಿಗೆ 17 ವರ್ಷ, ಪ್ಲಸ್ ಟು ಓದುತ್ತಿದ್ದಾನೆ. ಸಣ್ಣಂದಿನಿಂದ ಅವನಿಗೆ ಬಟ್ಟೆಯ ಹುಚ್ಚು. ನನ್ನ ಮಿಷನ್ ಪಕ್ಕದಲ್ಲೇ ಬೆಳೆದವನು. ಎರಡು ತಿಂಗಳಿಂದ ಕ್ಲಾಸಿಗೆ ಸರಿಯಾಗಿ ಹೋಗುತ್ತಿಲ್ಲ. ಮೊನ್ನೆ ಅವನ ಬ್ಯಾಗಿನಲ್ಲಿ ಮುಂಬಯಿಗೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ಸಿನ ಟಿಕೆಟ್ ಸಿಕ್ಕಿತು. ಮುಂದಿನ ತಿಂಗಳಿನದು. ಕೇಳಿದರೆ ಅತ್ತುಬಿಟ್ಟ. ಇನ್‌ಸ್ಟಾಗ್ರಾಮಿನಲ್ಲಿ ಪರಿಚಯವಾದ ಒಬ್ಬರು ಫ್ಯಾಷನ್ ಕಂಪೆನಿಯಲ್ಲಿ ಕೆಲಸ ಕೊಡಿಸುತ್ತಾರಂತೆ, ಮಾಡೆಲಿಂಗ್ ಕೂಡ ಇದೆಯಂತೆ. ಫೋಟೋ ತೆಗೆಸಲು 35,000 ರೂಪಾಯಿ ತರಬೇಕಂತೆ. ನಿನ್ನ ಬಳೆ ಅಡವಿಟ್ಟು ಕೊಡಮ್ಮ, ಆರು ತಿಂಗಳಲ್ಲಿ ಬಿಡಿಸಿಕೊಡುತ್ತೇನೆ ಅಂದ. ನಾನು ಬೈದೆ. ‘ನನ್ನ ಹಾಗೆ ನೀನೂ ಮಿಷನ್ ತುಳಿದು ಸಾಯಬೇಕಾ’ ಅಂದೆ. ಅವತ್ತಿನಿಂದ ಮಾತು ಬಿಟ್ಟಿದ್ದಾನೆ. ಯಜಮಾನರಿಗೆ ಇನ್ನೂ ಹೇಳಿಲ್ಲ. ಗಂಡು ಹುಡುಗನಿಗೆ ಹೊಲಿಗೆ ಯಾಕೆ ಎನ್ನುವವರು ಅವರು. ತಡೆದರೆ ಓಡಿಹೋಗುತ್ತಾನೆ, ಬಿಟ್ಟರೆ ಹಾಳಾಗುತ್ತಾನೆ ಎಂಬ ಭಯ. ನಾನು ಏನು ಮಾಡಲಿ?

ಉತ್ತರ: ಅಕ್ಕಾ, ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಆ 35,000 ರೂಪಾಯಿ ಕೊಡಬೇಡಿ. ಬಳೆ ನಿಮ್ಮ ಕೈಯಲ್ಲೇ ಇರಲಿ.

ಹುಕ್ಕು ಹಾಕಲು, ಅಂಚು ಹೊಲಿಯಲು ನೀವು ಒಬ್ಬ ಹುಡುಗಿಯನ್ನು ಇಟ್ಟುಕೊಂಡರೆ ಅವಳಿಂದ ಮೊದಲು ಹಣ ತೆಗೆದುಕೊಳ್ಳುತ್ತೀರಾ? ಮುಂಬಯಿಯಲ್ಲೂ ಲೆಕ್ಕ ಅದೇ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ. ಮಾಡೆಲಿಂಗಿನಲ್ಲಿ ಪೋರ್ಟ್‌ಫೋಲಿಯೊ, ಅಂದರೆ ತೋರಿಸಲು ತೆಗೆಸಿಟ್ಟ ಫೋಟೋಗಳ ಕಟ್ಟು, ಇರುವುದು ನಿಜ. ಆದರೆ ಒಳ್ಳೆಯ ಏಜೆನ್ಸಿಯವರು ಮೊದಲು ಮೇಕಪ್ ಇಲ್ಲದ ನಾಲ್ಕು ಸಾದಾ ಫೋಟೋ ನೋಡುತ್ತಾರೆ. ಹುಡುಗ ಬೇಕು ಅನಿಸಿದರೆ ಕೆಲಸ ಕೊಡಿಸಿ, ಆ ಕೆಲಸದ ಹಣದಿಂದ ತಮ್ಮ ಕಮಿಷನ್ ಹಿಡಿದುಕೊಳ್ಳುತ್ತಾರೆ. ಇನ್ನೊಂದು ಮಾತು. 18 ತುಂಬದವರು ಮಾಡಿಕೊಂಡ ಕರಾರು ನಮ್ಮ ಕಾನೂನಿನಲ್ಲಿ ನಡೆಯುವುದಿಲ್ಲ. ಹಾಗಾಗಿ ನಿಜವಾದ ಕಂಪೆನಿಯಾದರೆ ಮೊದಲ ದಿನವೇ ಅಪ್ಪ ಅಮ್ಮನ ಹತ್ತಿರ ಮಾತಾಡಬೇಕು ಅನ್ನುತ್ತದೆ. ಮಗನಿಗೆ ಒಂದೇ ಒಂದು ಕೆಲಸ ಹೇಳಿ. ‘ಅಮ್ಮ ವೀಡಿಯೊ ಕಾಲಿನಲ್ಲಿ ಮಾತಾಡಬೇಕಂತೆ, ಆಫೀಸು ಎಲ್ಲಿ, ಕಂಪೆನಿಯ ಹೆಸರೇನು ಕೇಳುತ್ತಾಳೆ’ ಎಂದು ಅವನೇ ಆ ಮನುಷ್ಯನಿಗೆ ಮೆಸೇಜ್ ಹಾಕಲಿ. ಬರುವ ಉತ್ತರವನ್ನು ಅವನೇ ಓದಲಿ. ‘ಮನೆಯಲ್ಲಿ ಯಾಕೆ ಹೇಳಿದೆ’ ಎಂಬ ಉತ್ತರ ಬಂದರೆ ನೀವು ಮತ್ತೆ ಏನೂ ವಿವರಿಸಬೇಕಾಗಿಲ್ಲ.

ಇದರ ಜೊತೆಗೆ ಒಂದು ಸೂಕ್ಷ್ಮ ವಿಷಯ ಇದೆ, ದಯವಿಟ್ಟು ಬಿಡಬೇಡಿ. ಅವನು ಈಗಾಗಲೇ ಆ ಮನುಷ್ಯನಿಗೆ ತನ್ನ ಫೋಟೋ ಕಳಿಸಿದ್ದಾನಾ, ಎಂಥ ಫೋಟೋ, ಎಂದು ಮೆಲ್ಲಗೆ ಕೇಳಿ. ‘ಏನೇ ಆಗಿದ್ದರೂ ಬೈಯುವುದಿಲ್ಲ’ ಎಂದು ಮೊದಲೇ ಮಾತು ಕೊಟ್ಟು ಕೇಳಿ, ಆಮೇಲೆ ನಿಜವಾಗಿಯೂ ಬೈಯಬೇಡಿ. ಮಾಡೆಲಿಂಗ್ ಆಸೆ ತೋರಿಸಿ ಅಂಗಿ ಬಿಚ್ಚಿದ ಫೋಟೋ ತರಿಸಿಕೊಂಡು, ನಂತರ ಅದನ್ನೇ ಹಿಡಿದು ಹಣ ಕೇಳುವವರು ಇದ್ದಾರೆ. ಗಂಡು ಹುಡುಗರಿಗೂ ಇದು ಆಗುತ್ತದೆ. ಅವರು ಹೇಳಿಕೊಳ್ಳುವುದು ಇನ್ನೂ ಕಡಿಮೆ. ಹಾಗೇನಾದರೂ ಇದ್ದರೆ ಮೆಸೇಜು ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಣ ಹೋಗಿದ್ದರೆ ಸೈಬರ್ ವಂಚನೆಗೆ 1930 ಇದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ‘ನನ್ನ ಹಾಗೆ ನೀನೂ ಮಿಷನ್ ತುಳಿದು ಸಾಯಬೇಕಾ’ ಎನ್ನುವಲ್ಲಿ ನಿಂತೆ. ನಿಮ್ಮ ಸೊಂಟನೋವು, ಮದುವೆ ಸೀಸನ್ನಿನಲ್ಲಿ ನಿದ್ದೆ ಕೆಟ್ಟ ರಾತ್ರಿಗಳು, ‘ಕುತ್ತಿಗೆ ಅಗಲ ಆಯಿತು’ ಎಂದು ಬ್ಲೌಸ್ ವಾಪಸ್ ತಂದವರ ಮುಖ, ಎಲ್ಲವೂ ಆ ಮಾತಿನಲ್ಲಿ ಇದೆ. ಆದರೆ ಹುಡುಗನ ಕಿವಿಗೆ ಏನು ಬಿತ್ತು ಯೋಚಿಸಿ. ಅವನು ಬಟ್ಟೆಯನ್ನು ಪ್ರೀತಿಸಲು ಕಲಿತದ್ದು ನಿಮ್ಮ ಮಿಷನ್ನಿನ ಬುಡದಲ್ಲಿ. ನೀವು ಎಸೆದ ಚೂರುಗಳೇ ಅವನ ಮೊದಲ ಆಟಿಕೆ ಆಗಿರಬೇಕು. ಆ ಕೆಲಸವನ್ನೇ ನೀವು ಸಾವು ಎಂದು ಕರೆದಿರಿ. ಆಗ ಅವನು ಹೋಗಿ ಯಾರ ಹತ್ತಿರ ಮಾತಾಡಬೇಕು? ಫೋನಿನಲ್ಲಿ ‘ನೀನು ಸೂಪರ್’ ಎನ್ನುವವರ ಹತ್ತಿರ ತಾನೇ.

ಅಕ್ಕಾ, ಆ ಇನ್‌ಸ್ಟಾಗ್ರಾಂ ಮನುಷ್ಯನಿಗಿಂತ ಈ ಕೆಲಸ ನಿಮಗೆ ಜಾಸ್ತಿ ಗೊತ್ತು. ಎರಡು ಆಯಾಮದ ಬಟ್ಟೆಯನ್ನು ಮೈಯ ಉಬ್ಬುತಗ್ಗಿಗೆ ಹೊಂದುವಂತೆ ಕತ್ತರಿಸುವುದು ನಿಮಗೆ ಗೊತ್ತು. ಪ್ರಿನ್ಸೆಸ್ ಕಟ್ ಯಾರಿಗೆ ಒಪ್ಪುತ್ತದೆ, ಯಾವ ಬಟ್ಟೆ ಒಗೆದ ಮೇಲೆ ಕುಗ್ಗುತ್ತದೆ, ಎಲ್ಲಿ ಲೈನಿಂಗ್ ಬೇಕು, ಗಿರಾಕಿ ‘ಚೆನ್ನಾಗಿದೆ’ ಅಂದಾಗ ನಿಜ ಹೇಳುತ್ತಿದ್ದಾಳಾ ಇಲ್ಲವಾ ಎನ್ನುವುದೂ ಗೊತ್ತು. ಫ್ಯಾಷನ್ ಕಾಲೇಜಿನಲ್ಲಿ ಪ್ಯಾಟರ್ನ್ ಮೇಕಿಂಗ್, ಗಾರ್ಮೆಂಟ್ ಕನ್‌ಸ್ಟ್ರಕ್ಷನ್ ಎಂದು ಕಲಿಸುವುದರ ಬೇರು ಇದೇ. ಹಾಗಾಗಿ ಮಗನ ಹತ್ತಿರ ಈ ಸಲ ಟೈಲರ್ ಆಗಿ ಮಾತಾಡಿ. ಒಂದು ಶರ್ಟಿನ ಬಟ್ಟೆ ಕೊಟ್ಟು, ‘ಅಳತೆಯಿಂದ ಕಾಜಾವರೆಗೆ ನೀನೇ ಮಾಡು, ನಾನು ನೋಡುತ್ತೇನೆ’ ಅನ್ನಿ. ಕಾಲರ್ ಕೂರಿಸುವಾಗ ಎಲ್ಲರಿಗೂ ಕೈ ತಪ್ಪುತ್ತದೆ. ಅವನು ಬಿಚ್ಚಿ ಮತ್ತೆ ಹೊಲಿಯುತ್ತಾನಾ, ಸಿಟ್ಟು ಮಾಡಿ ಎದ್ದು ಹೋಗುತ್ತಾನಾ ನೋಡಿ. ಬಟ್ಟೆ ಮಾಡುವ ಆಸೆಯಾ, ಕ್ಯಾಮೆರಾ ಮುಂದೆ ನಿಲ್ಲುವ ಆಸೆಯಾ ಎನ್ನುವುದು ಅವನಿಗೇ ಅಲ್ಲಿ ಸ್ವಲ್ಪ ಗೊತ್ತಾಗುತ್ತದೆ. ಎರಡೂ ತಪ್ಪಲ್ಲ. ಆದರೆ ಅವು ಬೇರೆ ಬೇರೆ ದಾರಿಗಳು, ಈಗ ಅವನ ತಲೆಯಲ್ಲಿ ಎರಡೂ ಸೇರಿಹೋಗಿವೆ.

ನಮ್ಮ ಕಡೆಯಿಂದ ಮುಂಬಯಿಗೆ ಓಡಿಹೋದ ಮೊದಲ ಹುಡುಗ ಅವನಲ್ಲ. ನನ್ನ ಸೋದರಮಾವ ಒಬ್ಬರು 14ನೇ ವಯಸ್ಸಿಗೆ ಮನೆ ಬಿಟ್ಟವರು. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಮಂಗಳೂರಿನಿಂದ ಬಸ್ಸು ಹತ್ತಿ ಹೋಗಿದ್ದರು. ಇಳಿದದ್ದು ಊರಿನವರದೇ ಹೋಟೆಲಿನಲ್ಲಿ. ಹಗಲೆಲ್ಲ ಗ್ಲಾಸು ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಹೋಟೆಲಿನಲ್ಲಿ ದುಡಿಯುವ ಹುಡುಗರು ಓದಲೆಂದೇ ಮುಂಬಯಿಯಲ್ಲಿ ಅಂಥ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ಮನೆ ಬಿಟ್ಟ ಎಷ್ಟೋ ಹುಡುಗರು ನಿದ್ದೆ ಬಿಟ್ಟರು, ಶಾಲೆ ಬಿಡಲಿಲ್ಲ. ನಿಮ್ಮ ಮಗನಿಗೆ ಇದನ್ನು ಹೇಳಿ. ಆಮೇಲೆ ಕೇಳಿ: ರೈಲು ಕುರ್ಲಾದ ಟರ್ಮಿನಸ್ಸಿಗೆ ಮುಟ್ಟಿದಾಗ ನಿನ್ನನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ? ಮೊದಲ ರಾತ್ರಿ ಎಲ್ಲಿ ಮಲಗುತ್ತಿ? ಮಾವನಿಗೆ 14ನೇ ವಯಸ್ಸಿನಲ್ಲೂ ಈ ಎರಡು ಪ್ರಶ್ನೆಗೆ ಉತ್ತರ ಗೊತ್ತಿತ್ತು.

ಶಾಲೆ ಬಿಟ್ಟೇ ದೊಡ್ಡವರಾದವರಿಲ್ಲವಾ ಎಂದು ಅವನು ವಾದ ಮಾಡಬಹುದು. ಇದ್ದಾರೆ. ಲಂಡನ್ನಿನ ಹೆಸರಾಂತ ಫ್ಯಾಷನ್ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ 16ಕ್ಕೆ ಶಾಲೆ ಬಿಟ್ಟವರು. ಬಿಟ್ಟು ಹೋದದ್ದು ಎಲ್ಲಿಗೆ? ಸ್ಯಾವಿಲ್ ರೋ ಎಂಬ ಟೈಲರುಗಳ ಬೀದಿಗೆ. ಅಲ್ಲಿ ಕೋಟು ಹೊಲಿಯುವುದನ್ನು ಕೆಳಗಿನಿಂದ ಕಲಿತರು. ಕೆಲವು ವರ್ಷ ಬಿಟ್ಟು ಮತ್ತೆ ಕಾಲೇಜು ಸೇರಿ ಡಿಗ್ರಿ ಮುಗಿಸಿದರು. ನಮ್ಮ ಹಾಗೇ ಗಡಿಯ ಊರಾದ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ಮುಂಬಯಿಗೆ ಹೋದವರೇ. ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. 1983ರಲ್ಲಿ ‘ಗಾಂಧಿ’ ಚಿತ್ರದ ಉಡುಪಿಗೆ ಆಸ್ಕರ್ ಪಡೆದರು, ಭಾರತಕ್ಕೆ ಬಂದ ಮೊದಲ ಆಸ್ಕರ್ ಅದು. ಈ ಹೆಸರುಗಳನ್ನು ನೀವು ಅವನ ಬಾಯಿ ಮುಚ್ಚಿಸಲು ಬಳಸಬೇಡಿ. ಅವನ ಜೊತೆ ಕೂತು ಅವರ ಕೆಲಸದ ಫೋಟೋಗಳನ್ನು ನೋಡಿ. ಹೊಲಿಗೆಯ ಕಣ್ಣಿನಿಂದ ನೀವು ನೋಡುವುದನ್ನು ಅವನಿಗೆ ಬೇರೆ ಯಾರೂ ತೋರಿಸಲಾರರು.

ದಾರಿಯ ಬಗ್ಗೆ ಹೇಳುತ್ತೇನೆ. ನಿಫ್ಟ್ ಎನ್ನುವುದು ಫ್ಯಾಷನ್ ಕಲಿಸುವ, ಕೇಂದ್ರ ಸರಕಾರದ ಜವಳಿ ಸಚಿವಾಲಯದ ಸಂಸ್ಥೆ. 1986ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಅದರ ಒಂದು ಕ್ಯಾಂಪಸ್ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ, ಕಣ್ಣೂರಿನ ಧರ್ಮಶಾಲೆಯಲ್ಲಿ. ಫ್ಯಾಷನ್ ಕಲಿಯಲು ಮುಂಬಯಿಗೇ ಹೋಗಬೇಕು ಎಂದು ಅವನಿಗೆ ಯಾರು ಹೇಳಿದರೋ! ಅಲ್ಲಿ ಬಿ.ಡಿಸ್. ಎಂಬ ಡಿಸೈನ್ ಡಿಗ್ರಿ ಕೋರ್ಸ್ ನಾಲ್ಕು ವರ್ಷ. ಪ್ಲಸ್ ಟು ಯಾವ ವಿಷಯದಲ್ಲಿ ಪಾಸಾಗಿದ್ದರೂ ಆಗುತ್ತದೆ, ಆದರೆ ಪಾಸಾಗಿರಲೇಬೇಕು. ವಯಸ್ಸು 24ರ ಒಳಗಿದ್ದರೆ ಸಾಕು. ಅವನಿಗಿನ್ನೂ 17. ಪ್ಲಸ್ ಟು ಕಡೆಯ ವರ್ಷದಲ್ಲಿರುವಾಗಲೇ ಪ್ರವೇಶ ಪರೀಕ್ಷೆ ಬರೆಯಬಹುದು. ಚಿತ್ರ ಬಿಡಿಸುವುದು, ಹೊಸತು ಯೋಚಿಸುವುದು ಒಂದು ಪರೀಕ್ಷೆ. ಇಂಗ್ಲಿಷ್, ಲೆಕ್ಕ, ಸಾಮಾನ್ಯ ಜ್ಞಾನ ಇನ್ನೊಂದು. ಅದರಲ್ಲಿ ದಾಟಿದವರಿಗೆ ಸಿಚುವೇಶನ್ ಟೆಸ್ಟ್ ಇದೆ. ಕೊಟ್ಟ ಸಾಮಾನಿನಿಂದ ಕೈಯಲ್ಲೇ ಒಂದು ಮಾದರಿ ಮಾಡಿ ತೋರಿಸಬೇಕು. ಮಿಷನ್ ಬುಡದಲ್ಲಿ ಬೆಳೆದ ಹುಡುಗನಿಗೆ ಅದು ಸಿಕ್ಕೀತು. ಕಷ್ಟ ಇರುವುದು ಭಾಷೆಯಲ್ಲಿ. ಪ್ರಶ್ನೆಗಳು ಬರುವುದು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಮಕ್ಕಳು ಬುದ್ಧಿ ಇದ್ದೂ ಸೋಲುವುದು ಅಲ್ಲೇ. ಅದಕ್ಕೆ ಈಗಿನಿಂದಲೇ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಓದಲಿ. ಫೀಸು ಕಡಿಮೆ ಇಲ್ಲ, ನಾಲ್ಕು ವರ್ಷಕ್ಕೆ ಹಲವು ಲಕ್ಷ ಆಗುತ್ತದೆ. ಆದಾಯ ಕಡಿಮೆ ಇರುವ ಮನೆಯವರಿಗೆ ಫೀಸಿನ ಸಹಾಯ ಇದೆ, ಹೋದಾಗ ಕೇಳಿ.

ಅಷ್ಟು ಹಣ ಆಗದಿದ್ದರೆ ಬಾಗಿಲು ಮುಚ್ಚಲಿಲ್ಲ. ಕೇರಳ ತಾಂತ್ರಿಕ ಶಿಕ್ಷಣ ಇಲಾಖೆಯ ಸರಕಾರಿ ಫ್ಯಾಷನ್ ಡಿಸೈನಿಂಗ್ ಸಂಸ್ಥೆಗಳಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಕೋರ್ಸ್ ಇದೆ. ಕಣ್ಣೂರಿನಲ್ಲಿ ಕೈಮಗ್ಗದ ಬಗ್ಗೆ ಕಲಿಸುವ ಸಂಸ್ಥೆಯೂ ಇದೆ. ಕ್ಲಾಸಿನಲ್ಲಿ ಕೂರಲು ಆಗುವುದೇ ಇಲ್ಲ ಎಂದು ಹಟ ಹಿಡಿದರೆ, ಓಪನ್ ಸ್ಕೂಲಿನಲ್ಲಿ ಪ್ಲಸ್ ಟು ಮುಗಿಸಿ ಹಗಲು ಪೇಟೆಯ ಒಬ್ಬ ಒಳ್ಳೆಯ ಟೈಲರಿನ ಕೈಕೆಳಗೆ ಕೆಲಸ ಕಲಿಯಲಿ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಕ್ಲಾಸಿಗೆ ಯಾಕೆ ಹೋಗುತ್ತಿಲ್ಲ ಎಂದು ಮಾತ್ರ ಒಮ್ಮೆ ಕೇಳಿ ನೋಡಿ. ಹೊಲಿಗೆ ಇಷ್ಟಪಡುವ ಗಂಡು ಹುಡುಗನನ್ನು ಕ್ಲಾಸಿನಲ್ಲಿ ಆಡಿಕೊಳ್ಳುವುದು ಹೊಸತಲ್ಲ. ಅವನು ಓಡುತ್ತಿರುವುದು ಪಾಠದಿಂದಲ್ಲ, ಆ ಗೇಲಿಯಿಂದ ಇರಬಹುದು. ಹಾಗಿದ್ದರೆ ಟೀಚರನ್ನು ಕಂಡು ಮಾತಾಡಲೇಬೇಕು.

ಚಿತ್ರದ ಪುಸ್ತಕ ತುಂಬಲು ಅವನಿಗೆ ದೂರ ಹೋಗಬೇಕಿಲ್ಲ. ಒಂದು ರಾತ್ರಿ ಯಕ್ಷಗಾನದ ಆಟಕ್ಕೆ ಹೋದಾಗ, ವೇಷ ಕಟ್ಟುವ ಚೌಕಿಯಲ್ಲಿ ಕೂತು ನೋಡಲಿ. ಕಿರೀಟ, ಭುಜಕೀರ್ತಿ, ದಗಲೆ, ಒಂದೊಂದನ್ನೂ ಹೇಗೆ ಕಟ್ಟುತ್ತಾರೆ, ಸಾಮಾನ್ಯ ಎತ್ತರದ ಮನುಷ್ಯ ಹೇಗೆ ರಾಕ್ಷಸನಷ್ಟು ದೊಡ್ಡದಾಗುತ್ತಾನೆ ನೋಡಲಿ. ನಮ್ಮ ಕಡೆಯ ದೈವಾರಾಧನೆಯಾದ ತೆಯ್ಯದಲ್ಲಿ ತೆಂಗಿನ ಎಳೆಗರಿಯಿಂದ ಮಾಡುವ ಉಡುಗೆಗೆ ಮಡಿಕೆ ಹಿಡಿಯುವ ಕೈಗಳನ್ನು ನೋಡಲಿ. ಕಾಸರಗೋಡು ಸೀರೆಗೆ ಜಿಐ, ಅಂದರೆ ಇದು ಈ ಊರಿನದೇ ಎಂಬ ಸರಕಾರಿ ಮಾನ್ಯತೆ ಇದೆ. 1938ರಲ್ಲಿ ಶುರುವಾದ ನೇಕಾರರ ಸಹಕಾರಿ ಸಂಘ ಇವತ್ತಿಗೂ ಮಗ್ಗದಲ್ಲಿ ಆ ಹತ್ತಿ ಸೀರೆ ನೇಯುತ್ತದೆ. ಒಂದು ಶನಿವಾರ ಇಬ್ಬರೂ ಹೋಗಿ ಬನ್ನಿ. ನೀವು ಇಷ್ಟು ವರ್ಷ ಎಷ್ಟು ಸೀರೆಗೆ ಫಾಲ್ಸ್ ಹಾಕಿದ್ದೀರೋ, ನೇಯುವುದನ್ನು ನೋಡಲು ನೀವೂ ಹೋಗಿರಲಿಕ್ಕಿಲ್ಲ.

ಯಜಮಾನರಿಗೆ ಈ ವಾರವೇ ಹೇಳಿ. ಮುಚ್ಚಿಟ್ಟರೆ ನಾಳೆ ಏನಾದರೂ ಆದಾಗ ಪೂರ್ತಿ ಭಾರ ನಿಮ್ಮ ತಲೆಗೆ ಬರುತ್ತದೆ. ಅವರಿಗೆ ಅರ್ಥವಾಗುವ ಭಾಷೆ ಒಂದಿದೆ. ಅವರೂ ಒಂದು ದಿನ ಬ್ಯಾಗು ಹಿಡಿದು ಮನೆ ಬಿಟ್ಟವರೇ ಅಲ್ವಾ? ಆದರೆ ವೀಸಾ ಅಸಲಿಯಾ, ಕಂಪೆನಿ ಯಾವುದು, ಏರ್‌ಪೋರ್ಟಿಗೆ ಯಾರು ಬರುತ್ತಾರೆ, ಎಲ್ಲ ಕೇಳಿಯೇ ವಿಮಾನ ಹತ್ತಿರಬೇಕು. ಮಗನಿಗೂ ಅದನ್ನೇ ಹೇಳಿಕೊಡಲಿ. ‘ಹೋಗಬೇಡ’ ಎಂದು ಕೂಗುವ ಅಪ್ಪನಿಗಿಂತ ‘ಹೀಗೆ ವಿಚಾರಿಸಿ ಹೋಗಬೇಕು ಮಗಾ’ ಎನ್ನುವ ಅಪ್ಪನ ಮಾತು ಅವನು ಕೇಳುತ್ತಾನೆ. ಗಂಡು ಹುಡುಗನಿಗೆ ಹೊಲಿಗೆ ಯಾಕೆ ಎಂದರೆ, ನಮ್ಮ ಊರಲ್ಲಿ ಆಟದ ವೇಷ ಕಟ್ಟುವವರು, ತೆಯ್ಯದ ಉಡುಗೆ ಮಾಡುವವರು, ಪೇಟೆಯಲ್ಲಿ ಪ್ಯಾಂಟು ಹೊಲಿಯುವವರು ಯಾರು ಎಂದು ಅವರನ್ನೇ ಕೇಳಿ.

ಇಷ್ಟಾದ ಮೇಲೂ ಅವನು ಒಂದು ಬೆಳಿಗ್ಗೆ ಹೋಗಿಬಿಟ್ಟರೆ? ನಾಚಿಕೆಯಿಂದ ಸಂಜೆವರೆಗೆ ಕಾಯಬೇಡಿ. ಕೂಡಲೇ ಪೊಲೀಸ್ ಠಾಣೆಗೆ ಹೋಗಿ, 1098ಕ್ಕೂ ಹೇಳಿ. ರೈಲಿನ ಹೆಸರು ನಿಮಗೆ ಗೊತ್ತಿದೆ, ದಾರಿಯ ನಿಲ್ದಾಣಗಳಲ್ಲಿ ರೈಲ್ವೆ ಪೊಲೀಸರು ನೋಡಬಹುದು. ಸಿಕ್ಕಿದಾಗ ‘ಮನೆಗೆ ಬಾ’ ಎನ್ನುವುದರ ಮೊದಲು ‘ಊಟ ಮಾಡಿದೆಯಾ’ ಅನ್ನಿ.

ಆದರೆ ಅಲ್ಲಿವರೆಗೆ ಹೋಗುವುದಿಲ್ಲ ಎಂದು ನನ್ನ ನಂಬಿಕೆ. ಟಿಕೆಟನ್ನು ಹರಿಯಬೇಡಿ, ಬ್ಯಾಗಿನಲ್ಲೇ ಇಡಿ. ಆ ದಿನಕ್ಕಿಂತ ಮೊದಲು, ನಿಫ್ಟ್ ತೆರೆದಿರುವ ಒಂದು ದಿನ, ಹೊಲಿಗೆಗೆ ರಜೆ ಹಾಕಿ ಮಗನ ಜೊತೆ ಬೆಳಗಿನ ರೈಲಿನಲ್ಲಿ ಕಣ್ಣೂರಿಗೆ ಹೋಗಿ. ಪ್ರವೇಶದ ವಿಷಯ ವಿಚಾರಿಸಿ, ಒಳಗೆ ನೋಡಲು ಬಿಡುತ್ತಾರಾ ಕೇಳಿ, ಹುಡುಗರು ಮಾಡಿದ ಕೆಲಸ ಕಂಡರೆ ಕಾಲರಿನ ಹೊಲಿಗೆ ಹೇಗಿದೆ ಎಂದು ಇಬ್ಬರೂ ನೋಡಿ. ಬರುವಾಗ ದಾರಿಯಲ್ಲಿ ಅವನು ಮಾತಾಡುತ್ತಾನೆ, ನೀವು ಕೇಳಿ. ಮುಂಬಯಿಯ ಟಿಕೆಟ್ ಕ್ಯಾನ್ಸಲ್ ಮಾಡುವ ಕೆಲಸವನ್ನು ಅವನಿಗೇ ಬಿಡಿ. ಏನಾಯಿತು ಎಂದು ನನಗೆ ಬರೆಯಿರಿ ಅಕ್ಕಾ, ಕಾಯುತ್ತಿರುತ್ತೇನೆ.