ಮ್ಯಾಕ್ ಬೇಕೋ, ವಿಂಡೋಸ್ ಸಾಕೋ?

ಕಾಮಿಕ್ಸ್ ಬಿಡಿಸಲು ಈಗಿರುವ ವಿಂಡೋಸ್ ಲ್ಯಾಪ್‌ಟಾಪ್ ಬಿಟ್ಟು ಮ್ಯಾಕ್ ತಗೊಳ್ಳಲೇ ಎಂದು ಕೇಳಿದ್ದೀರಿ. ಚಿತ್ರಕಾರರಿಗೆ ಮ್ಯಾಕ್ ಅನ್ನೋದು ಹಳೇ ಕಾಲದ ಮಾತು ಸರ್, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಯಾವ ಸಾಫ್ಟ್‌ವೇರ್‌ನಲ್ಲಿ ಬಿಡಿಸುತ್ತೀರಿ ಅಂತ ತೀರ್ಮಾನಿಸಿ. ಕ್ಲಿಪ್ ಸ್ಟುಡಿಯೋ ಪೇಂಟ್ ವಿಂಡೋಸ್, ಮ್ಯಾಕ್, ಐಪ್ಯಾಡ್, ಆಂಡ್ರಾಯ್ಡ್ ಎಲ್ಲದರಲ್ಲೂ ಓಡುತ್ತದೆ. ಕಾಮಿಕ್ಸ್‌ಗೆ ಬೇಕಾದ ಪ್ಯಾನೆಲ್, ಮಾತಿನ ಬಲೂನು ಅದರಲ್ಲೇ ಇವೆ. ಕ್ರಿತಾ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಉಚಿತ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲೂ ಸಿಗುತ್ತದೆ. ಪ್ರೊಕ್ರಿಯೇಟ್ ಅನ್ನೋ ಡ್ರಾಯಿಂಗ್ ಆ್ಯಪ್ ಮೇಲೆ ಮನಸ್ಸಿದ್ದರೆ ಮಾತ್ರ ಐಪ್ಯಾಡ್ ಬೇಕು, ಅದು ಮ್ಯಾಕ್‌ಗೂ ಇಲ್ಲ. ಫೋಟೋಶಾಪ್ ಬಿಡಲಾಗದಿದ್ದರೆ ಲಿನಕ್ಸ್ ಕಡೆ ತಲೆ ಹಾಕಬೇಡಿ, ಅದಕ್ಕೆ ಲಿನಕ್ಸ್ ಆವೃತ್ತಿ ಇಲ್ಲ.

ನಿಜಕ್ಕೂ ಲೆಕ್ಕ ಹಾಕಬೇಕಾದ್ದು ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ಮೆಮೊರಿ, ಅಂದರೆ ರ‍್ಯಾಮ್. 300 ಡಿಪಿಐನ (ಇಂಚಿಗೆ 300 ಚುಕ್ಕಿ) ಎ4 ಪುಟ ಅಂದರೆ 2480×3508 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ, ಪೂರ್ತಿ ತುಂಬಿದ ಒಂದೊಂದು ಪದರಕ್ಕೂ, ಅಂದರೆ ಲೇಯರ್‌ಗೂ ಸುಮಾರು 35 ಎಂಬಿ. ಐವತ್ತು ಲೇಯರ್ ಅಂದರೆ ಅಲ್ಲಿಗೇ 1.7 ಜಿಬಿ ದಾಟಿತು, ಮಾಡಿದ್ದನ್ನು ರದ್ದು ಮಾಡಲು ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುವ ಅಂಡೂ ಹಿಸ್ಟರಿ ಬೇರೆ! 8 ಜಿಬಿಯಲ್ಲಿ ಒದ್ದಾಡುತ್ತೀರಿ, 16 ಇದ್ದರೆ ನಿರಾಳ. ಅನೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಆಮೇಲೆ ರ‍್ಯಾಮ್ ಸೇರಿಸಬಹುದು, ನಿಮ್ಮದರಲ್ಲಿ ಖಾಲಿ ಸ್ಲಾಟ್ ಇದೆಯಾ ನೋಡಿ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಆ ಅವಕಾಶವಿಲ್ಲ, ಕೊಳ್ಳುವಾಗ ಎಷ್ಟೋ ಅಷ್ಟೇ. ಗ್ರಾಫಿಕ್ಸ್ ಕಾರ್ಡ್? ಬ್ಲೆಂಡರ್‌ನಂಥ 3ಡಿ ಕೆಲಸ ಇಲ್ಲದಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ.

ನಾನಾದರೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಪೆನ್ ಟ್ಯಾಬ್ಲೆಟ್ (ಕಂಪ್ಯೂಟರ್‌ಗೆ ಜೋಡಿಸಿ ಪೆನ್ನಿನಿಂದ ಬಿಡಿಸುವ ಹಲಗೆ) ತಗೊಳ್ಳುತ್ತೇನೆ. ಪರದೆ ಇಲ್ಲದ್ದೇ ಸಾಕು, ಮಧ್ಯಮ ಗಾತ್ರದ್ದು. ಕಣ್ಣು ಒಂದು ಕಡೆ, ಕೈ ಒಂದು ಕಡೆ ಅಂತ ಶುರುವಿನಲ್ಲಿ ಕಿರಿಕಿರಿ ಆಗುತ್ತದೆ, ಆಮೇಲೆ ಕೂಡಿಕೊಳ್ಳುತ್ತದೆ. ನಾಳೆ ಮ್ಯಾಕ್ ತಗೊಂಡರೂ ಅದೇ ಟ್ಯಾಬ್ಲೆಟ್ ನಡೆಯುತ್ತದೆ.